ಇಳಕಲ್ಲಿನಲ್ಲಿ ಇಲ್ಲದಿದ್ದ ಹನ್ನೆರಡು ಬಾಟಲಿ

ನಿವೃತ್ತಳಾದ ಮೇಲೂ ನನಗೆ ಕಚೇರಿಯಿಂದ ಫೋನು ಬರುವುದು ನಿಂತಿಲ್ಲ. ನನ್ನ ಜಾಗಕ್ಕೆ ಹೊಸದಾಗಿ ಬಂದವರು ಮಾಡುತ್ತಾರೆ. ಹೋದ ತಿಂಗಳು ಬಂದ ಪ್ರಶ್ನೆ ಇದು: "ಅಕ್ಕಾರ, ಎಲ್ಲಾ ಹೊಸಾ ಇಂಟರ್‌ಫೇಸಿನ್ಯಾಗ ಐತಿ, ಖರೆ. ಆದ್ರ ಈಗ ಅದಕ್ಕಿಂತ ಹೊಸಾದೊಂದು ಬಂದೈತಿ. ಬದಲಿ ಮಾಡೂದೋ ಬ್ಯಾಡೋ?" ಮಾಡಿ ಎಂದು ಒಂದೇ ಮಾತಿನಲ್ಲಿ ಹೇಳಿ ಫೋನು ಇಡಬಹುದಿತ್ತು. ಆದರೆ ಇಂಥ ಒಂದು ಬದಲಾವಣೆಯಲ್ಲಿ ನಾನು ಮಾಡಿದ ತಪ್ಪು ಅವರಿಗೆ ಗೊತ್ತಿಲ್ಲ. ಅದು ಗೊತ್ತಿರಬೇಕು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದೊಂದು ಆರೋಗ್ಯ ಸಂಸ್ಥೆ. ಬಾಗಲಕೋಟೆಯಲ್ಲಿ ದೊಡ್ಡ ದವಾಖಾನೆ, ಬಾದಾಮಿ, ಹುನಗುಂದ, ಇಳಕಲ್ಲಿನಲ್ಲಿ ಅದಕ್ಕಿಂತ ಸಣ್ಣವು, ಗುಳೇದಗುಡ್ಡ, ಕಲಾದಗಿ, ಕುಳಗೇರಿ ಕ್ರಾಸಿನಲ್ಲಿ ಎರಡೆರಡು ಕೋಣೆಯ ಚಿಕಿತ್ಸಾ ಕೇಂದ್ರಗಳು. ಪ್ರತಿಯೊಂದು ಕಡೆಯೂ ಒಂದು ಔಷಧ ದಾಸ್ತಾನು. ಯಾವ ಊರಿನ ಕಪಾಟಿನಲ್ಲಿ ಯಾವ ಔಷಧಿ ಎಷ್ಟಿದೆ ಎಂದು ಎಲ್ಲರಿಗೂ ತೋರಿಸುವ ಪ್ರೋಗ್ರಾಮು ಬರೆದು ನೋಡಿಕೊಳ್ಳುವುದು ನನ್ನ ಕೆಲಸ. ಗುಳೇದಗುಡ್ಡದ ಕುಪ್ಪಸದ ಖಣ ನೇಯುವ ಮನೆಯಿಂದ ಬಂದವಳು ನಾನು. ಕಂಪ್ಯೂಟರ್ ಕಲಿತು ಈ ಕೆಲಸಕ್ಕೆ ಸೇರಿದಾಗ, ಇದು ಎ.ಸಿ. ಕೋಣೆಯಲ್ಲಿ ಕೂತು ಮಾಡುವ ತಣ್ಣನೆಯ ಕೆಲಸ ಎಂದೇ ತಿಳಿದಿದ್ದೆ.

ಮೊದಲು ಎಲ್ಲ ಲೆಕ್ಕವೂ ಬಾಗಲಕೋಟೆಯ ಒಂದೇ ಕಂಪ್ಯೂಟರಿನಲ್ಲಿತ್ತು. ರಸ್ತೆ ಅಗೆಯುವವರು ಕೇಬಲ್ ಕಡಿದರೆಂದರೆ ಉಳಿದ ಊರುಗಳೆಲ್ಲ ಕುರುಡು. ಹೀಗಾಗಿ ಹಂಚಿಕೆಯ ಡೇಟಾಬೇಸಿಗೆ ಬಂದೆವು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್, ಈ ನಾಲ್ಕು ಕಡೆಯೂ ಒಂದೊಂದು ಕಂಪ್ಯೂಟರ್, ನಾಲ್ಕರಲ್ಲೂ ಅದೇ ಲೆಕ್ಕದ ಪ್ರತಿ. ಒಂದು ಕಡೆ ಸಂಪರ್ಕ ಹೋದರೂ ಅಲ್ಲಿಯವರು ತಮ್ಮ ಕೆಲಸ ನಡೆಸಬಹುದು; ಸಂಪರ್ಕ ಬಂದ ಮೇಲೆ ನಾಲ್ಕೂ ತಮ್ಮೊಳಗೆ ತಾಳೆ ಹಾಕಿಕೊಳ್ಳುತ್ತವೆ. ತಾಳೆ ಬೀಳದಿದ್ದರೆ ಯಾವುದನ್ನು ಕೊನೆಗೆ ಬರೆದಿದ್ದಾರೋ ಅದನ್ನೇ ಇಟ್ಟುಕೊಳ್ಳುತ್ತವೆ. ಕೊನೆಗೆ ಬರೆದದ್ದು ಯಾವುದೆಂದು ತಿಳಿಯಲು ಪ್ರತಿ ಅಂಕಿಯ ಜೊತೆಗೂ ಅದನ್ನು ಬರೆದ ಸಮಯ ಸೇರಿರುತ್ತದೆ. ಈ ಸಮಯದ ಮಾತನ್ನು ನೆನಪಿಡಿ. ನನ್ನ ತಪ್ಪು ಅಲ್ಲೇ ಇತ್ತು.

ಡೇಟಾಬೇಸಿನೊಂದಿಗೆ ನಮ್ಮ ಪ್ರೋಗ್ರಾಮು ಮಾತಾಡುವ ವಿಧಾನಕ್ಕೇ ಇಂಟರ್‌ಫೇಸ್ ಎನ್ನುತ್ತೇವೆ. ನಾವು ಶುರುಮಾಡಿದಾಗ ಇದ್ದದ್ದು ಹಳೆಯದು. ಈಗಿನವರು ಅದನ್ನು ಕಂಡರೆ ಮೂಗು ಮುರಿಯುತ್ತಾರೆ, ನಾನು ಮುರಿಯುವುದಿಲ್ಲ. ಭಾಳ ಚುರುಕಾದ ಸಾಧನ ಅದು. ಏನು ಕೊಟ್ಟರೂ ಇಟ್ಟುಕೊಳ್ಳುತ್ತಿತ್ತು, ಯಾಕೆ ಏನು ಎಂದು ಕೇಳುತ್ತಿರಲಿಲ್ಲ. ಹೆಸರು, ಅಂಕಿ, ಸಮಯ, ಎಲ್ಲವನ್ನೂ ನಾವೇ ಕೊಡಬೇಕು. ನಾಲ್ಕು ಹಳೆಯ ಕಂಪ್ಯೂಟರುಗಳ ಮೇಲೆ ಏಳು ದಾಸ್ತಾನುಗಳನ್ನು ಅದು ವರ್ಷಗಟ್ಟಲೆ ಹೊತ್ತು ನಡೆಸಿತು.

ಆದರೆ ಏನೂ ಪ್ರಶ್ನೆ ಕೇಳದವರ ಜೊತೆ ಬಾಳುವುದು ಸುಲಭವಲ್ಲ. ಒಮ್ಮೆ ಬಾದಾಮಿಯಲ್ಲಿ ಜ್ವರದ ಮಾತ್ರೆ ಅರ್ಧಕ್ಕರ್ಧ ಕಾಣೆಯಾಯಿತು. ಕಳವಾಯಿತೆಂದು ಗುಲ್ಲೆದ್ದಿತು. ನೋಡಿದರೆ ಮಾತ್ರೆಯ ಹೆಸರನ್ನು ನಾನು ಪ್ರೋಗ್ರಾಮಿನ ಎರಡು ಕಡೆ ಎರಡು ಬಗೆಯಾಗಿ ಬರೆದಿದ್ದೆ. ಇಂಟರ್‌ಫೇಸು ತಕರಾರಿಲ್ಲದೆ ಎರಡು ಔಷಧಿ ಎಂದುಕೊಂಡು ಎರಡು ಲೆಕ್ಕ ಇಟ್ಟಿತ್ತು. ದಾಸ್ತಾನು ವಿಭಾಗದ ಮುಖ್ಯಸ್ಥರಾದ ಜಾಲಿಹಾಳ ಸರ್ ಅವರಿಗೆ ಇದನ್ನು ಹೇಳಲು ಹೆದರುತ್ತಲೇ ಹೋದೆ.

"ಅಂದ್ರ ಮಾತ್ರಿ ಎಲ್ಲೂ ಹೋಗಿಲ್ಲ?" ಎಂದರು.

"ಇಲ್ಲರಿ. ನನ್ನ ಕಾಗುಣಿತ ತಪ್ಪೈತಿ."

"ಹಂಗಾರ ಮೊದಲ ಬಾದಾಮಿಯವ್ರಿಗೆ ಫೋನ್ ಹಚ್ಚಿ ಅದನ್ನ ಹೇಳ್ರಿ. ಅವರು ಒಬ್ಬರ ಮುಖ ಒಬ್ಬರು ನೋಡ್ಕೋತ ಕುಂತಾರ."

ಜಾಲಿಹಾಳ ಸರ್ ಕಂಪೌಂಡರ್ ಆಗಿ ಸೇರಿ ಮೇಲೆ ಬಂದವರು. ಪ್ರೋಗ್ರಾಮಿನ ಒಂದು ಸಾಲೂ ಅವರಿಗೆ ತಿಳಿಯುತ್ತಿರಲಿಲ್ಲ, ತಿಳಿದಂತೆ ನಟಿಸುತ್ತಲೂ ಇರಲಿಲ್ಲ. ಯಂತ್ರದ ಈಚೆ ಕೂತ ಮನುಷ್ಯನಿಗೆ ಈಗ ಏನಾಗುತ್ತಿದೆ ಎನ್ನುವುದು ಮಾತ್ರ ಅವರಿಗೆ ನಮಗಿಂತ ಮೊದಲೇ ಹೊಳೆಯುತ್ತಿತ್ತು.

ಹೊಸ ಇಂಟರ್‌ಫೇಸು ಬಂದಾಗ ನಾನು ಮನಸೋತೆ. ಅದರಲ್ಲಿ ಬರೆದದ್ದು ಓದಿದರೆ ವಾಕ್ಯದಂತೆ ಅರ್ಥವಾಗುತ್ತಿತ್ತು. ಯಾವ ಹೆಸರಿನ ಲೆಕ್ಕ ಬೇಕೆಂದು ಮೊದಲೇ ಹೇಳಿಡಬೇಕು. ಹೇಳದ ಹೆಸರು ಬಂದರೆ ಒಪ್ಪುವುದಿಲ್ಲ. ಬಾದಾಮಿಯ ಮಾತ್ರೆಯಂಥ ತಪ್ಪು ಆಗುವ ಮಾತೇ ಇಲ್ಲ. ಸಮಯವನ್ನೂ ನಾವು ಕೊಡಬೇಕಿಲ್ಲ, ತಾನೇ ಹಾಕಿಕೊಳ್ಳುತ್ತದೆ. ನನ್ನ ನಂತರ ಬರುವವರು ನನ್ನನ್ನು ಕೇಳದೆಯೇ ನಾನು ಬರೆದದ್ದನ್ನು ಓದಿ ತಿದ್ದಬಹುದು. ಎಲ್ಲ ಕಡೆ ಒಮ್ಮೆಲೇ ಬದಲಿಸಲು ಸಾಧ್ಯವಿರಲಿಲ್ಲ. ಬಾಗಲಕೋಟೆ ಮೊದಲು ಹೊಸದಕ್ಕೆ ಹೋಗಲಿ, ಉಳಿದ ಆರು ಊರು ಕೆಲವು ತಿಂಗಳು ಹಳೆಯದರಲ್ಲೇ ಇರಲಿ ಎಂದು ಯೋಜನೆ ಹಾಕಿ ಸರ್ ಮುಂದೆ ಇಟ್ಟೆ.

ಅವರು ಒಂದೇ ಪ್ರಶ್ನೆ ಕೇಳಿದರು. "ಒಂದ ಕಪಾಟಿನ್ಯಾಗ ಹಳೇದೂ ಕೈ ಹಾಕ್ತೈತಿ, ಹೊಸಾದೂ ಕೈ ಹಾಕ್ತೈತಿ. ಯಾರ ಕೈ ಆಮ್ಯಾಲ ಬಂತು ಅಂತ ಹ್ಯಾಂಗ ಗೊತ್ತಾಗ್ತೈತಿ?"

"ಡೇಟಾಬೇಸಿಗೆ ಟೈಮ್ ಗೊತ್ತಿರ್ತೈತ್ರಿ ಸರ. ಅದು ತಪ್ಪಂಗಿಲ್ಲ," ಎಂದೆ. ಎಷ್ಟು ಧೈರ್ಯದಿಂದ ಹೇಳಿದೆ ಎಂದರೆ ಅವರು ಒಪ್ಪಿಬಿಟ್ಟರು.

ಬದಲಾವಣೆಯಾಗಿ ಸ್ವಲ್ಪ ದಿನಕ್ಕೆ ಇಳಕಲ್ಲಿನಿಂದ ಗಂಗವ್ವನ ಫೋನು ಬಂತು. ಗಂಗವ್ವ ಅಲ್ಲಿಯ ದಾಸ್ತಾನು ನೋಡಿಕೊಳ್ಳುವವಳು, ಸೀರೆ ನೇಯುವ ಮನೆಯ ಹೆಣ್ಣುಮಗಳು, ಮಿತಭಾಷಿ.

"ಅಕ್ಕಾರ, ಹಾವಿನ ಇಂಜೆಕ್ಷನ್ ಎಲ್ಲಾ ಖರ್ಚಾಗ್ಯಾವ್ರಿ. ನಾ ಸೊನ್ನಿ ಹಾಕಿದ್ರೂ ಪರದೆ ಮ್ಯಾಲ ತಿರುಗಿ ಹನ್ನೆರಡ ಬರ್ತೈತಿ."

"ಪೇಜ್ ಮುಚ್ಚಿ ಮತ್ತೊಮ್ಮೆ ತಗೀರಿ, ಸರಿ ಆಗ್ತೈತಿ," ಎಂದೆ.

ಮರುದಿನ ಮತ್ತೆ ಫೋನು ಮಾಡಿದಳು. "ತಗದೇರಿ. ಹನ್ನೆರಡ ಐತಿ."

"ಸೇವ್ ಒತ್ತೀರೇನು? ಸರಿಯಾಗಿ ಒತ್ತಿ ನೋಡ್ರಿ," ಎಂದೆ. ದನಿಯಲ್ಲಿ ಬೇಸರವಿತ್ತು. ಅದು ಆಕೆಗೆ ಕೇಳಿಸಿರಲೇಬೇಕು. ಮೂರನೆಯ ದಿನ ಮತ್ತೆ ಆಕೆಯ ಹೆಸರು ಫೋನಿನಲ್ಲಿ ಕಂಡಾಗ ನಾನು ಬೇರೊಂದು ಕೆಲಸದಲ್ಲಿ ಮುಳುಗಿದ್ದೆ. ಎತ್ತಲಿಲ್ಲ. ಆಮೇಲೆ ನಾನಾಗಿ ಮಾಡಲೂ ಇಲ್ಲ.

ಅದೇ ವಾರದಲ್ಲಿ ಒಂದು ಮುಂಜಾನೆ ಹನ್ನೊಂದರ ಸುಮಾರಿಗೆ ಹುನಗುಂದದ ನಮ್ಮ ದವಾಖಾನೆಗೆ ಮಾಳವ್ವ ಎಂಬ ಹೆಣ್ಣುಮಗಳನ್ನು ಮೋಟರ್‌ಸೈಕಲ್ ಮೇಲೆ ಕೂರಿಸಿಕೊಂಡು ತಂದರು. ಕುರಿ ಸಾಕುವ ಮನೆಯವಳು. ಜೋಳದ ಒಣ ದಂಟಿನ, ಅಂದರೆ ಕಣಕಿಯ, ಬಣವೆಯಿಂದ ಒಂದು ಹೊರೆ ಎಳೆಯುವಾಗ ಒಳಗಿದ್ದ ಹಾವು ಕೈಗೆ ಕಚ್ಚಿತ್ತು. ಹುನಗುಂದದಲ್ಲಿದ್ದ ಇಂಜೆಕ್ಷನ್ನು ಎರಡು ದಿನದ ಹಿಂದೆ ಇನ್ನೊಬ್ಬರಿಗೆ ಕೊಟ್ಟು ಮುಗಿದಿತ್ತು. ಡಾಕ್ಟರು ಪರದೆ ನೋಡಿದರು. ಬಾಗಲಕೋಟೆಯಲ್ಲಿ ಮೂವತ್ತು ಬಾಟಲಿ, ಇಳಕಲ್ಲಿನಲ್ಲಿ ಹನ್ನೆರಡು. ಇಳಕಲ್ ಒಂದು ದಿಕ್ಕು, ಬಾಗಲಕೋಟೆ ಅದರ ವಿರುದ್ಧ ದಿಕ್ಕು, ಇಳಕಲ್ಲಿನ ಮೂರುಪಟ್ಟು ದೂರ. ಯಾರೇ ಆಗಿದ್ದರೂ ಇಳಕಲ್ಲಿಗೇ ಕಳಿಸುತ್ತಿದ್ದರು. ಆಂಬುಲೆನ್ಸು ಇಳಕಲ್ ರಸ್ತೆಗೆ ಮುಖ ಮಾಡಿ ನಿಂತಿತ್ತು.

ಹುನಗುಂದದ ಔಷಧ ಕೊಡುವವನು ಬೀರಪ್ಪ. ಅವನಿಗೊಂದು ರೂಢಿಯಿತ್ತು. ರೋಗಿಯನ್ನು ಬೇರೆ ಊರಿಗೆ ಕಳಿಸುವ ಮುಂಚೆ ಆ ಊರಿನ ದಾಸ್ತಾನಿಗೆ ಫೋನು ಮಾಡಿ ಕೇಳುತ್ತಿದ್ದ. 'ಪರದೆ ಇರೂದು ಯಾಕ ಮತ್ತ?' ಎಂದು ನಾನು ಅವನನ್ನು ಒಂದೆರಡು ಸಲ ಕಾಡಿಸಿದ್ದೂ ಉಂಟು. ಅವತ್ತೂ ಫೋನು ಮಾಡಿದ.

"ಗಂಗಕ್ಕ, ಕಪಾಟಿನ್ಯಾಗ ಹಾವಿನ ಇಂಜೆಕ್ಷನ್ ಎಷ್ಟದಾವ?"

"ಒಂದೂ ಇಲ್ಲೋ ತಮ್ಮಾ."

"ಇಲ್ಲಿ ಹನ್ನೆರಡ ತೋರ್ಸಾಕತ್ತೈತಿ."

"ಇಲ್ಲೂ ಅದ ತೋರ್ಸಾಕತ್ತೈತಿ. ಮೂರು ಸಲ ಬರದೇನಿ, ಅಳಿಸಿ ಹಾಕ್ತೈತಿ. ಖರೇನ ಒಂದೂ ಇಲ್ಲ. ಇಲ್ಲಿಗೆ ಕಳಿಸಬ್ಯಾಡ."

ಬೀರಪ್ಪ ಹೊರಗೆ ಓಡಿ ಆಂಬುಲೆನ್ಸನ್ನು ತಿರುಗಿಸಿದ. ಡಾಕ್ಟರು ರೋಗಿಯ ಜೊತೆಗೇ ಹತ್ತಿದರು. ಅಷ್ಟರಲ್ಲಿ ಅವನು ಬಾಗಲಕೋಟೆಗೆ ಫೋನು ಮಾಡಿದ್ದ. ಅಲ್ಲಿಂದ ಬಾಟಲಿಗಳನ್ನು ಹಿಡಿದು ಇನ್ನೊಂದು ಗಾಡಿ ಎದುರಿಗೆ ಹೊರಟಿತು. ಅಮೀನಗಡದ ಹತ್ತಿರ ಎರಡೂ ಗಾಡಿ ಸೇರಿದವು. ಮಾಳವ್ವನ ಕಣ್ಣರೆಪ್ಪೆ ಆಗಲೇ ಜೋತುಬಿದ್ದಿದ್ದವು, ಮಾತು ತೊದಲುತ್ತಿತ್ತು. ಡಾಕ್ಟರು ಗಾಡಿಯಲ್ಲೇ ಔಷಧಿ ಶುರುಮಾಡಿದರು. ನಾಲ್ಕು ದಿನ ಬಾಗಲಕೋಟೆಯಲ್ಲಿದ್ದು ಅವಳು ಬದುಕಿದಳು.

ಆ ಗಾಡಿ ಇನ್ನೂ ರಸ್ತೆಯಲ್ಲಿದ್ದಾಗಲೇ ಜಾಲಿಹಾಳ ಸರ್ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ರೇಣುಕಾ, ಪರದೆ ಮ್ಯಾಲ ಇಳಕಲ್ಲಿಗೆ ಹನ್ನೆರಡ ಐತಿ. ಗಂಗವ್ವನ ಕಪಾಟಿನ್ಯಾಗ ಒಂದೂ ಇಲ್ಲ. ಯಾವುದು ಖರೆ?"

ನನ್ನ ಬಾಯಿಂದ ಬಂದ ಮೊದಲ ಮಾತು: "ಗಂಗವ್ವ ಎಂಟ್ರಿ ಮಾಡಿರಂಗಿಲ್ರಿ ಸರ."

ಈ ವಾಕ್ಯವನ್ನು ಇಲ್ಲಿ ಬರೆಯಲು ಇವತ್ತಿಗೂ ಕೈ ಹಿಂಜರಿಯುತ್ತದೆ. ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ ಎಂದು ಬರೆದಿದ್ದೇನೆ.

ದಾಖಲೆ ತೆಗೆದು ನೋಡಿದೆ. ಗಂಗವ್ವ ಮೂರು ದಿನ ಮೂರು ಸಲ ಸೊನ್ನೆ ಬರೆದಿದ್ದಳು. ಮೂರು ಸಲವೂ ಡೇಟಾಬೇಸು ಆಯಿತು ಎಂದು ಹೇಳಿ, ಬರೆದದ್ದನ್ನು ಇಟ್ಟುಕೊಳ್ಳದೆ ಬಿಟ್ಟಿತ್ತು. ಯಾಕೆಂದು ತಿಳಿಯದೆ ಆಕೆಯ ಸೊನ್ನೆಯ ಜೊತೆಗಿದ್ದ ಸಮಯವನ್ನೂ ಆ ಹನ್ನೆರಡರ ಜೊತೆಗಿದ್ದ ಸಮಯವನ್ನೂ ಒಂದು ಕಾಗದದ ಮೇಲೆ ಒಂದರ ಕೆಳಗೊಂದು ಬರೆದೆ. ಒಂದರಲ್ಲಿ ಹದಿಮೂರು ಅಂಕಿ, ಇನ್ನೊಂದರಲ್ಲಿ ಹದಿನಾರು. ನೋಡಿದ ಕೂಡಲೇ ಕಾರಣ ತಿಳಿಯಿತು.

ಕಂಪ್ಯೂಟರು ಸಮಯವನ್ನು ಒಂದು ಗೊತ್ತಾದ ದಿನದಿಂದ ಎಣಿಸುತ್ತಾ ಬರುತ್ತದೆ. ಹೊಸ ಇಂಟರ್‌ಫೇಸು ಅದನ್ನು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದ ಅಳತೆಯಲ್ಲಿ ಎಣಿಸುತ್ತಿತ್ತು. ಹಳೆಯದರಲ್ಲಿ ಸಮಯವನ್ನು ನಾವೇ ಕೊಡಬೇಕಿತ್ತಲ್ಲ, ನಾನು ವರ್ಷಗಳ ಹಿಂದೆ ಅದನ್ನು ಸಾವಿರದಲ್ಲೊಂದು ಭಾಗದ ಅಳತೆಯಲ್ಲಿ ಕೊಡುವಂತೆ ಬರೆದುಬಿಟ್ಟಿದ್ದೆ. ಹೀಗೆ ಕೊಡಬೇಡಿ ಎಂದು ಕೈಪಿಡಿಯಲ್ಲೇ ಇತ್ತು. ಆದರೆ ಎಲ್ಲ ಊರಿನ ಪ್ರೋಗ್ರಾಮೂ ನನ್ನದೇ, ಎಲ್ಲದರಲ್ಲೂ ಅದೇ ಅಳತೆ. ಹೀಗಾಗಿ ಒಂದು ದಿನವೂ ತೊಂದರೆ ಕಂಡಿರಲಿಲ್ಲ. ಈಗ ಬಾಗಲಕೋಟೆಯವರು ಇಳಕಲ್ಲಿಗೆ ಹನ್ನೆರಡು ಬಾಟಲಿ ಕಳಿಸಿ, ಅದನ್ನು ಹೊಸ ಇಂಟರ್‌ಫೇಸಿನಲ್ಲಿ ಇಳಕಲ್ಲಿನ ಲೆಕ್ಕಕ್ಕೆ ಬರೆದಿದ್ದರು. ಅದರ ಸಮಯದ ಸಂಖ್ಯೆ ಸಾವಿರ ಪಟ್ಟು ದೊಡ್ಡದು. ಗಂಗವ್ವ ಇವತ್ತು ಬರೆಯಲಿ, ನಾಳೆ ಬರೆಯಲಿ, ಡೇಟಾಬೇಸಿನ ಪಾಲಿಗೆ ಅದು ಎಷ್ಟೋ ಕಾಲದ ಹಿಂದೆ ಬರೆದದ್ದು. ಹಳತೆಂದು ಬದಿಗಿಡುತ್ತಿತ್ತು. ಅದರ ತಪ್ಪೇನೂ ಇರಲಿಲ್ಲ. ನಾನು ಕೊಟ್ಟ ಸಮಯವನ್ನು ನಂಬಿತ್ತು ಅಷ್ಟೆ.

ಸರ್ ಅವರಿಗೆ ಆ ಕಾಗದ ತೋರಿಸಿ, ಗಂಗವ್ವ ಮೂರು ಸಲ ಫೋನು ಮಾಡಿದ್ದನ್ನೂ ಹೇಳಿದೆ. ಎರಡು ಸಂಖ್ಯೆಯನ್ನೂ ಬೆರಳಿಟ್ಟು ಎಣಿಸಿದರು. "ಈಗ ಇನ್ನೂ ಎಲ್ಲೆಲ್ಲಿ ಹಿಂಗ ಆಗಿರಬಹುದು?" ಎಂದರು.

ಬಾಗಲಕೋಟೆಯಿಂದ ಹೊಸ ಪ್ರೋಗ್ರಾಮಿನ ಮೂಲಕ ಕಳಿಸಿದ ಪ್ರತಿಯೊಂದು ಔಷಧಿಯ ಲೆಕ್ಕವೂ ಸಂಶಯಕ್ಕೆ ಬಿತ್ತು. ಆರೂ ಊರಿಗೆ ಫೋನು ಹಚ್ಚಿ, ಕಪಾಟು ತೆಗೆದು ಕೈಯಿಂದ ಎಣಿಸಿ ಹೇಳಿ ಎಂದು ಕೇಳಿಕೊಂಡೆ. ಕಲಾದಗಿಯವರು ಊಟ ಬಿಟ್ಟು ಎದ್ದು ಎಣಿಸಿದರು. ಇನ್ನೂ ಒಂಬತ್ತು ಅಂಕಿ ಸುಳ್ಳಿದ್ದವು. ಸಂಜೆಯೊಳಗೆ ಎಲ್ಲ ತಿದ್ದಿದೆವು. ಹಳೆಯ ಪ್ರೋಗ್ರಾಮಿನಲ್ಲಿ ಬದಲಿಸಬೇಕಾದದ್ದು ಒಂದೇ ಒಂದು ಸಾಲು, ಸಮಯವನ್ನು ಸಾವಿರದಿಂದ ಗುಣಿಸುವುದು.

"ಒಂದ ಸಾಲಿನ ತಪ್ಪರಿ ಸರ," ಎಂದೆ. ಸಮಜಾಯಿಷಿಗೆ ಹೇಳಿದೆನೋ ಅಳು ತಡೆಯಲು ಹೇಳಿದೆನೋ ಗೊತ್ತಿಲ್ಲ.

"ಪ್ರೋಗ್ರಾಮಿಂದು ಒಂದ ಸಾಲು, ಖರೆ. ಗಂಗವ್ವ ಮೂರು ಸಲ ಫೋನ್ ಮಾಡಿದ್ಲಲ್ಲ, ಅದು ಎಷ್ಟ ಸಾಲಿಂದು?"

ಉತ್ತರಕ್ಕೆ ಅವರು ಕಾಯಲಿಲ್ಲ. "ಪತ್ರ ಬರಿಯೂದು ಬ್ಯಾಡ. ಮಾಳವ್ವ ಮನಿಗೆ ಬಂದ ಮ್ಯಾಲ ಇಬ್ಬರೂ ಹೋಗಿ ಹೇಳಿ ಬರೋಣು," ಎಂದರು.

ಮುಂದಿನ ವಾರ ಹೋದೆವು. ಮೊದಲು ಇಳಕಲ್ಲಿಗೆ. ಗಂಗವ್ವ ಎದ್ದು ನಿಂತು ಕುರ್ಚಿ ಕೊಟ್ಟಳು. ನಾನು ಕೂರಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ, ಆಕೆ ಎಂಟ್ರಿ ಮಾಡಿಲ್ಲವೆಂದು ನಾನು ಅಂದದ್ದನ್ನೂ ಹೇಳಿದೆ. ಆಕೆ ಕಪಾಟಿನ ಕಡೆ ನೋಡುತ್ತಾ ಕೇಳಿಸಿಕೊಂಡಳು.

"ನೀವು ಸರಿಯಾಗಿ ಒತ್ತಿ ನೋಡ್ರಿ ಅಂದಾಗ ನಂದ ತಪ್ಪಿರಬೇಕು ಅನಿಸ್ತರಿ," ಎಂದಳು. "ಹಿಂದ ಎಲ್ಲ್ಯಾರ ಬಿದ್ದಾವೇನೋ ಅಂತ ಇಡೀ ಕಪಾಟ ಖಾಲಿ ಮಾಡಿ ನೋಡೀನಿ, ಮೂರು ಸಲ. ಒಂದೂ ಇಲ್ಲದ್ದನ್ನ ಎಷ್ಟ ಸಲ ಎಣಿಸೂದ್ರಿ ಅಕ್ಕಾರ?"

ಅಲ್ಲಿಂದ ಹುನಗುಂದಕ್ಕೆ ಬಂದು ಬೀರಪ್ಪನನ್ನು ಕರೆದುಕೊಂಡು ಮಾಳವ್ವನ ಮನೆಗೆ ಹೋದೆವು. ಊರ ಹೊರಗೆ, ಕುರಿದೊಡ್ಡಿಗೆ ಹತ್ತಿಕೊಂಡೇ ಮನೆ. ಗಂಡ ಸಿದ್ದಪ್ಪ ಕಂಬಳಿ ಹಾಸಿದ. ಮಾಳವ್ವನ ಕೈಗೆ ಇನ್ನೂ ಪಟ್ಟಿ ಇತ್ತು. ಸರ್ ಮಾತಾಡುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಕಡೆ ತಿರುಗಿ ಕೂತರು. ನಾನೇ ಹೇಳಬೇಕಾಯಿತು. ಸಾವಿರ, ಹತ್ತು ಲಕ್ಷ ಯಾವುದನ್ನೂ ಹೇಳಲಿಲ್ಲ. ಇಳಕಲ್ಲಿನಲ್ಲಿ ಔಷಧಿ ಇಲ್ಲದಿದ್ದರೂ ಇದೆ ಎಂದು ಯಂತ್ರ ಹೇಳಿತ್ತು, ಯಂತ್ರಕ್ಕೆ ಹಾಗೆ ಹೇಳುವಂತೆ ಮಾಡಿದವಳು ನಾನು ಎಂದೆ.

ಮಾಳವ್ವ ಬೀರಪ್ಪನ ಕಡೆ ನೋಡಿದಳು. "ಹಂಗಾರ ಇವ ಫೋನ್ ಮಾಡದಿದ್ರ ನಾ ಇಳಕಲ್ಲಿಗೆ ಹೊಂಟಿದ್ನೇನು?"

"ಹೌದವ್ವಾ."

"ನಾ ಎಲ್ಲಾ ಹಾವಿನ ಮ್ಯಾಲ ಹಾಕಿದ್ದೆ," ಎಂದಳು. ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಆಮೇಲೆ ಚಲೋ ಇದ್ದ ಕೈಯನ್ನು ಹಣೆಗೆ ಹಚ್ಚಿ, "ಬೀರಪ್ಪ ಉಳಿಸಿದ," ಎಂದಳು. ಅವಳು ಹೇಳಿದ್ದು ಅದೇ ಹೆಸರಿನ ಮನೆದೇವರಿಗೋ ನನ್ನ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದವನಿಗೋ ನನಗೆ ತಿಳಿಯಲಿಲ್ಲ. ಸಿದ್ದಪ್ಪ ಎಲ್ಲರಿಗೂ ಮಜ್ಜಿಗೆ ಕೊಟ್ಟ. ಹೊರಡುವಾಗ ಮಾಳವ್ವ ಮತ್ತೆ ಕರೆದಳು.

"ಯವ್ವಾ, ಇನ್ನೊಬ್ಬಾಕಿಗೆ ಹಿಂಗ ಆಗಂಗಿಲ್ಲಲ್ಲ?"

"ಆಗದಂಗ ಮಾಡ್ತೇನವ್ವಾ," ಎಂದೆ. ನನ್ನ ನೌಕರಿಯಲ್ಲಿ ಎಷ್ಟೋ ಕಾಗದಗಳ ಮೇಲೆ ಸಹಿ ಹಾಕಿದ್ದೇನೆ. ಯಾವುದೂ ಆ ಮಾತಿನಷ್ಟು ಭಾರ ಇರಲಿಲ್ಲ.

ವಾಪಸು ಬರುವಾಗ ಜೀಪಿನಲ್ಲಿ ಸರ್ ಕೇಳಿದರು. "ಈಗ ಹೇಳ್ರಿ, ಹಳೇದೋ ಹೊಸಾದೋ? ಎಲ್ಲಾ ಹಳೇದಕ್ಕ ತಿರುಗಿಸಿದ್ರ ನಿಮಗೂ ಹಗರ, ನಮಗೂ ಹಗರ."

ದಾರಿಯುದ್ದಕ್ಕೂ ನಾನು ಅದನ್ನೇ ಯೋಚಿಸಿದ್ದೆ. ಹಳೆಯದಕ್ಕೆ ಹೋದರೆ ಈ ತಪ್ಪು ಮುಚ್ಚಿಹೋಗುತ್ತದೆ, ಸಮಯ ಕೊಡುವ ಭಾರ ಮತ್ತೆ ನನ್ನ ಮೇಲೇ ಉಳಿಯುತ್ತದೆ. ನಾಳೆ ನನ್ನ ಜಾಗಕ್ಕೆ ಬಂದವರು ಎಲ್ಲೋ ಒಂದು ಸಾಲು ಬರೆಯುವಾಗ ಮತ್ತೆ ಅದೇ ತಪ್ಪು ಮಾಡಬಹುದು. "ಹೊಸಾದ ಬೇಕ್ರಿ," ಎಂದೆ. "ಆದ್ರ ಈ ಸಲ ನಾ ಪ್ರತಿ ಊರಿಗೂ ಹೋಗಿ, ಅಲ್ಲಿ ಕೂಡೋರ ಮಗ್ಗಲ ಕುಂತು ಬದಲಿ ಮಾಡ್ತೇನಿ. ಅವರು ಸರಿ ಐತಿ ಅಂದ ಮ್ಯಾಲ ಮುಂದಿನ ಊರು."

"ದಿನಾ ಭಾಳ ಹಿಡೀತಾವ."

"ಹಿಡೀಲಿರಿ."

ಮೇಲಿನವರ ಹತ್ತಿರ ಅವರೇ ಹೋಗಿ ಆ ಕಾಲಾವಕಾಶ ಕೇಳಿ ತಂದರು. ಹೇಗೆ ತಂದರೆಂದು ನನಗೆ ಕೊನೆತನಕ ಹೇಳಲಿಲ್ಲ.

ಕುಳಗೇರಿ ಕ್ರಾಸಿನಿಂದ ಶುರುಮಾಡಿದೆ. ಆಮೇಲೆ ಕಲಾದಗಿ, ಗುಳೇದಗುಡ್ಡ, ಬಾದಾಮಿ, ಹುನಗುಂದ. ಇಷ್ಟು ವರ್ಷ ನಾನು ಬರೆದ ಪರದೆಯ ಮುಂದೆ ಜನ ಹೇಗೆ ಕೂರುತ್ತಾರೆಂದು ಅದೇ ಮೊದಲು ನೋಡಿದ್ದು. ಕುಳಗೇರಿ ಕ್ರಾಸಿನಲ್ಲಿ ಕಿಟಕಿಯ ಬಿಸಿಲು ಪರದೆಗೆ ಬಿದ್ದು ಅಂಕಿಯೇ ಕಾಣುತ್ತಿರಲಿಲ್ಲ. ಅವರು ರಟ್ಟಿನ ತುಂಡು ಅಡ್ಡ ಹಿಡಿದು ಓದುತ್ತಿದ್ದರು. ಅಕ್ಷರ ದೊಡ್ಡದು ಮಾಡಿದೆ. ಹುನಗುಂದದಲ್ಲಿ ಬೀರಪ್ಪನ ಫೋನಿನ ರೂಢಿಯನ್ನೇ ನಿಯಮ ಮಾಡಿದೆವು. ರೋಗಿಯನ್ನು ಕಳಿಸುವ ಮುಂಚೆ ಎಲ್ಲರೂ ಕೇಳಿಯೇ ಕಳಿಸಬೇಕು. ಅವನಿಗೆ ನಾಚಿಕೆಯಾಗಿ, "ಇದಕ್ಕೂ ನಿಯಮ ಬೇಕೇನ್ರಿ ಅಕ್ಕಾರ?" ಎಂದ.

ಇಳಕಲ್ಲನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೆ. ಗಂಗವ್ವನಿಗೆ ಹೊಸ ಪ್ರೋಗ್ರಾಮಿನಲ್ಲಿ ಏನು ಬೇಕೆಂದು ಮೊದಲೇ ಫೋನಿನಲ್ಲಿ ಕೇಳಿದ್ದೆ. "ನಾ ಬರದದ್ದು ನಿಂತೈತೋ ಇಲ್ಲೋ ಅದು ಹೇಳಬೇಕ್ರಿ, ಅಷ್ಟ," ಎಂದಿದ್ದಳು. ಅದಕ್ಕಾಗಿ, ಅಂಕಿ ಬರೆದ ಕೂಡಲೇ ಪ್ರೋಗ್ರಾಮು ಅದನ್ನು ಡೇಟಾಬೇಸಿನಿಂದ ಮತ್ತೆ ಓದಿ, ಎರಡೂ ಒಂದೇ ಇದ್ದರೆ ಮಾತ್ರ 'ನಿಂತೈತಿ' ಎಂದು ತೋರಿಸುವಂತೆ ಮಾಡಿದೆ. ಇಲ್ಲದಿದ್ದರೆ ಕೆಂಪಗೆ 'ನಿಂತಿಲ್ಲ'. 'ಉಳಿಸಲಾಗಿದೆ' ಎಂದು ಶಿಷ್ಟವಾಗಿ ಬರೆಯೋಣವೇ ಎಂದು ನಾನು ಕೇಳಿದಾಗ ಜಾಲಿಹಾಳ ಸರ್ ಬೇಡವೆಂದರು. ನನ್ನ ಕೈಯಿಂದಾದ ಕೆಲಸಗಳಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಅದರ ಯೋಚನೆ ನನ್ನದಲ್ಲ, ಗಂಗವ್ವನದು.

ಆ ದಿನ ಗಂಗವ್ವ ಕಪಾಟು ತೆಗೆದು ಬಾಟಲಿಗಳನ್ನು ಎಣಿಸಿ ಬಂದು ಬರೆದಳು. 'ನಿಂತೈತಿ' ಎಂದು ಬಂತು. ಹಳೆಯ ಇಂಟರ್‌ಫೇಸಿನಲ್ಲಿ ನಡೆಯುತ್ತಿದ್ದ ಕಟ್ಟಕಡೆಯ ಪ್ರೋಗ್ರಾಮು ಆಕೆಯದೇ. ಮುಚ್ಚುವ ಕೆಲಸ ಆಕೆಗೇ ಬಿಟ್ಟೆ. ಬೆರಳು ಗುಂಡಿಯ ಮೇಲಿಟ್ಟು ಒಂದು ಕ್ಷಣ ತಡೆದಳು. "ಇದೂ ಭಾಳ ದುಡದೈತ್ರಿ ಪಾಪ," ಎಂದು ಹೇಳಿ ಒತ್ತಿದಳು.

ನಾನು ಚೀಲ ತೆಗೆದುಕೊಂಡು ಎದ್ದಾಗ ಕೇಳಿದಳು. "ಅಕ್ಕಾರ, ಇನ್ನ ಮ್ಯಾಲ ನಾ ಫೋನ್ ಮಾಡಿದ್ರ ಎತ್ತತೀರಲ್ಲ?"

"ಎತ್ತತೇನಿ ಗಂಗವ್ವ."

ಮರುದಿನ ಬೆಳಿಗ್ಗೆ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದಾಗ ಫೋನು ರಿಂಗಾಯಿತು. ಗಂಗವ್ವನ ಹೆಸರು. ಅಲ್ಲೇ ನಿಂತು ಎತ್ತಿದೆ.

"ಏನಾತು ಗಂಗವ್ವ?"

"ಏನೂ ಆಗಿಲ್ರಿ," ಎಂದಳು. "ಎತ್ತತೀರೋ ಇಲ್ಲೋ ನೋಡಿದೆ."